ಲಿಫ್ಟಿನಲ್ಲಿ ತೂಗಿದ ಪೈಲ್ವಾನ

ಎಲ್ಲ ರಗಳೆಗೂ ಮೂಲ ಒಂದೇ ಒಂದು ಕಿಲೋ. ಕಾವಲುಗಾರನ ಕೆಲಸಕ್ಕೆ ಐವತ್ತು ಕಿಲೋ ತೂಕ ಇರಲೇಬೇಕಂತೆ. ಅವನು ತೂಗಿದ್ದು ನಲವತ್ತೊಂಬತ್ತು. ಬೀದಿಯವರು ಅವನನ್ನು ಪೈಲ್ವಾನ ಎಂದು ಕರೆಯುತ್ತಿದ್ದುದೂ ಅದಕ್ಕೇ. ಗಿರಣಿ ಮುಚ್ಚಿದ ಮೇಲಂತೂ ಅವನು ಒಣಗಲು ಹಾಕಿದ ಅಂಗಿಯಂತಾಗಿದ್ದ; ಒಳಗೆ ಯಾರೂ ಇಲ್ಲ. ಈ ಕೆಲಸವೂ ತಪ್ಪಿದರೆ ಹೆಂಡತಿಯ ಅಣ್ಣನ ಮನೆಯ ಹಿತ್ತಲ ಕೋಣೆಯೇ ಗತಿ. ಆ ಮನೆಯಲ್ಲಿ ಅನ್ನಕ್ಕಿಂತ ಮೊದಲು ಮಾತು ತಟ್ಟೆಗೆ ಬೀಳುತ್ತಿತ್ತು.

ಬೆಳಿಗ್ಗೆ ಪಕ್ಕದ ಮನೆಯ ಅಜ್ಜಿ ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದಳು. "ನುಂಗಪ್ಪ, ಅಗಿಯೋಕೆ ಹೋಗ್ಬೇಡ. ಅಗಿದ್ರೆ ಕರಗಿಹೋಗುತ್ತೆ."

ಹೆಂಡತಿ ತಂಬಿಗೆ ತುಂಬ ನೀರು ಚಾಚಿದಳು. "ಕುಡೀರಿ. ದಾರೀಲಿ ಎಲ್ಲೂ ಮರೆಗೆ ಹೋಗ್ಬೇಡಿ, ಅಷ್ಟೆ."

ಮಹಡಿಯ ಮೇಲಿನ ವಿಜ್ಞಾನದ ಮೇಷ್ಟ್ರು ನಿವೃತ್ತರಾಗಿ, ಪಾಠ ಕೇಳುವವರಿಲ್ಲದೆ ಸೊರಗಿದವರು. ಮೆಟ್ಟಿಲಲ್ಲೇ ಅಡ್ಡಗಟ್ಟಿದರು.

"ಲೋ, ತೂಕದ ಯಂತ್ರಕ್ಕೆ ನೀನು ಯಾರು ಅಂತ ಗೊತ್ತಿಲ್ಲ. ನೀನು ಎಷ್ಟು ಬಲವಾಗಿ ಒತ್ತುತ್ತೀಯೋ ಅಷ್ಟೇ ಗೊತ್ತು. ಲಿಫ್ಟಲ್ಲಿ ಅದರ ಮೇಲೆ ನಿಂತ್ಕೋ. ಲಿಫ್ಟ್ ಜಗ್ ಅಂತ ಮೇಲಕ್ಕೆ ವೇಗ ಹಿಡಿಯುವಾಗ ಮುಳ್ಳು ಜಾಸ್ತಿ ತೋರಿಸುತ್ತೆ. ದ್ರವ್ಯರಾಶಿಯನ್ನ ವೇಗೋತ್ಕರ್ಷದಿಂದ ಗುಣಿಸಿದ್ರೆ ಬಲ! ಇನ್ನು ಅದು ನಿಧಾನ ಆಗುವಾಗ..."

"ಬಸ್ ಬಂತು ಮೇಷ್ಟ್ರೇ!" ಪೈಲ್ವಾನ ಓಡಿದ. ಪಾಠ ಅರ್ಧಕ್ಕೇ ನಿಂತಿತು.

ಕಾವಲುಗಾರನನ್ನು ಆರಿಸುವ ಕಚೇರಿಯಲ್ಲಿ ಕೆಳಗಿನ ಕೋಣೆ ಸೋರುತ್ತಿದ್ದುದರಿಂದ ತಪಾಸಣೆಯನ್ನು ಐದನೇ ಮಹಡಿಗೆ ಸಾಗಿಸಿದ್ದರು. ತೂಕದ ಯಂತ್ರ ಮಾತ್ರ ಕೆಳಗೇ ಉಳಿದಿತ್ತು. ಅದರ ಪಕ್ಕದಲ್ಲಿ ನರ್ಸಮ್ಮ ಸೊಂಟ ಹಿಡಿದು ನಿಂತಿದ್ದಳು. ಪೈಲ್ವಾನನಿಗೆ ದೇವರೇ ಕಣ್ಣು ಬಿಟ್ಟಂತಾಯಿತು.

"ನಾನು ಹೊರ್ತೀನಿ ಅಕ್ಕಾ. ನನ್ನ ತೂಕ ಲಿಫ್ಟಲ್ಲೇ ನೋಡಿಬಿಡಿ, ಮೇಲೆ ನೂಕುನುಗ್ಗಲು."

ಮುದಿ ಲಿಫ್ಟು ಕೆಮ್ಮಿ ಮೇಲಕ್ಕೆ ಜಗ್ಗಿತು. ಬಾಳೆಹಣ್ಣುಗಳೆಲ್ಲ ಹೊಟ್ಟೆಯ ತಳಕ್ಕೆ ಕುಸಿದವು. ಪೈಲ್ವಾನ ಕಣ್ಣು ಮುಚ್ಚಿ ದೇವರನ್ನು ನೆನೆದ. ನರ್ಸಮ್ಮ ಕನ್ನಡಕ ಹುಡುಕಿ, ಒರೆಸಿ, ಮೂಗಿಗೇರಿಸುವಷ್ಟರಲ್ಲಿ ಐದನೇ ಮಹಡಿ ಬಂತು. ಲಿಫ್ಟು ನಿಧಾನವಾಯಿತು, ಹಣ್ಣುಗಳು ಗಂಟಲಿಗೆ ಬಂದವು.

"ನಲವತ್ತಾರು," ಎಂದಳು. "ಏನ್ ತಮ್ಮಾ, ಮೇಲೆ ಬರ್ತಾ ಬರ್ತಾ ಸವೀತಿದ್ದೀಯಲ್ಲ!"

ಮೇಷ್ಟ್ರ ಪಾಠದ ಉಳಿದರ್ಧ ಆಗ ಅವನ ಹೊಟ್ಟೆಗೇ ಅರ್ಥವಾಯಿತು: ಹಣ್ಣು ಕುಸಿದರೆ ತೂಕ ಹೆಚ್ಚು, ಹಣ್ಣು ಏರಿದರೆ ಕಡಿಮೆ. ಕಾಲಿಗೆ ಬೀಳುವುದೊಂದು ಬಾಕಿ, ಅವಳನ್ನು ಒಪ್ಪಿಸಿ ಮತ್ತೆ ಕೆಳಗಿಳಿಸಿದ. ಅವಳು ಮುಳ್ಳು ನೋಡುವಷ್ಟರಲ್ಲಿ ಆ ಗಳಿಗೆಯೂ ತಪ್ಪಿತು. ಮತ್ತೆ ಹತ್ತಿದರು, ಮತ್ತೆ ಇಳಿದರು. ನರ್ಸಮ್ಮನ ತಲೆ ಗಿರಗಿಟ್ಟಲೆಯಾಯಿತು. ಕಡೆಗೊಮ್ಮೆ ಲಿಫ್ಟು ನೆಲ ಮುಟ್ಟಲು ವೇಗ ತಗ್ಗಿಸುತ್ತಿದ್ದಾಗ ಹಣ್ಣುಗಳು ದಬಕ್ಕನೆ ಕುಸಿದವು.

"ಈಗ ನೋಡಿ ಅಕ್ಕಾ!"

"ಐವತ್ತನಾಲ್ಕು! ಬರ್ಕೊಂಡೆ, ಇನ್ನು ಸಾಕಪ್ಪ."

ಐದನೇ ಮಹಡಿಯಲ್ಲಿ ಸಾಹೇಬರು ಚೀಟಿ ನೋಡಿ ಲೊಚಗುಟ್ಟಿದರು. "ಕಾವಲು ಕೆಲಸ ಈಗ ತಾನೇ ತುಂಬಿತಲ್ಲಯ್ಯ. ಇಷ್ಟು ಹೊತ್ತು ಎಲ್ಲಿದ್ದೆ? ಇನ್ನು ಲಿಫ್ಟ್ ನಡೆಸೋನ ಕೆಲಸ ಒಂದಿದೆ. ಲಿಫ್ಟ್ ಹಳೇದು, ಐವತ್ತರ ಒಳಗಿರೋನೇ ಬೇಕು. ನೀನು ಐವತ್ತನಾಲ್ಕು."

"ಅಯ್ಯೋ, ನಾನು ನಲವತ್ತೊಂಬತ್ತೇ ಸಾರ್! ಅದು ಲಿಫ್ಟಿನ ಆಟ. ನಿಂತ ನೆಲದ ಮೇಲೆ ತೂಗಿ, ನಿಮ್ಮ ದಮ್ಮಯ್ಯ!"

ಯಂತ್ರವನ್ನು ನೆಲದ ಮೇಲಿಟ್ಟರು. ಪೈಲ್ವಾನ ಉಸಿರೂ ಬಿಡದೆ ನಿಂತ. ಸಾಹೇಬರು ಬಗ್ಗಿ ನೋಡಿದರು.

"ಐವತ್ತು. ಇನ್ನೂ ಒಂದು ಕೂದಲು ಮೇಲೇ ಇದೆ." ಅವರು ಮೆಲ್ಲಗೆ ಎದ್ದರು. "ಬಂದ ತಕ್ಷಣ ನೆಲದ ಮೇಲೆ ಸುಮ್ನೆ ನಿಂತು ತೂಗಿಸಿದ್ರೆ ಕಾವಲು ಕೆಲಸ ನಿಂದೇ ಆಗ್ತಿತ್ತಲ್ಲೋ."

ಅಜ್ಜಿಯ ಹಣ್ಣು, ಹೆಂಡತಿಯ ನೀರು ತಮ್ಮ ಕೆಲಸ ಮಾಡಿದ್ದವು. ಪೈಲ್ವಾನ ಲಿಫ್ಟು ಬಿಟ್ಟು ಮೆಟ್ಟಿಲಿಳಿದ.

ಮನೆ ಮುಂದೆ ಗಾಡಿ ನಿಂತಿತ್ತು. ಕೆಲಸ ಏನಾಯಿತೆಂದು ಕೇಳಲೂ ಹೆಂಡತಿಯ ಅಣ್ಣ ಕಾದಿರಲಿಲ್ಲ, ಹಾಸಿಗೆ, ಪಾತ್ರೆ, ಪೆಟ್ಟಿಗೆ ಎಲ್ಲ ಏರಿಸಿಯಾಗಿತ್ತು. ಸಾಮಾನಿನ ನಡುವೆ ಹೆಂಡತಿ ತಲೆ ತಗ್ಗಿಸಿ ಕೂತಿದ್ದಳು.

"ನೀವೂ ಹತ್ತಿ ಭಾವ," ಎಂದ ಅಣ್ಣ. "ನಿಮ್ಮ ತೂಕ ಏನು ಮಹಾ, ಗಾಡಿಗೆ ಗೊತ್ತೇ ಆಗಲ್ಲ."