ಮೀಟರ್ ಲೆಕ್ಕದಲ್ಲಿ ರಾಕ್ಷಸನ ಚರ್ಮ

ನನ್ನ ಕಣ್ಣಿಗೆ ಮಣ್ಣೆರಚುವ ಸಿನಿಮಾ ಇನ್ನೂ ಹುಟ್ಟಿಲ್ಲ! ಹೀಗೆಂದು ನಾನು ಎದೆ ತಟ್ಟಿಕೊಂಡು ಹೇಳುತ್ತಿದ್ದದ್ದು ಹೋದ ಭಾನುವಾರ ಮಧ್ಯಾಹ್ನ ಮೂರೂವರೆಯವರೆಗೆ.

ವೃತ್ತಿಯಲ್ಲಿ ನಾನು ಪರದೆ ಬಟ್ಟೆಯ ವ್ಯಾಪಾರಿ. ಬೀಡಿ ಇಲ್ಲ, ಇಸ್ಪೀಟು ಇಲ್ಲ. ಇರುವ ಚಟ ಒಂದೇ, ಅಗ್ಗದಲ್ಲಿ ತೆಗೆದ ಹಳೆಯ ಭೂತ-ರಾಕ್ಷಸರ ಸಿನಿಮಾ. ಹಾರುವ ತಟ್ಟೆಯನ್ನು ಎತ್ತಿ ಹಿಡಿದ ದಾರ, ಮಹಾರಾಜರ ಮುಂಗೈಯ ವಾಚು, ಮೊಸಳೆಯ ಹೊಟ್ಟೆಯ ಜಿಪ್ಪು, ನಾಯಕನ ತಲೆಗೆ ಬಿದ್ದು ಚೆಂಡಿನಂತೆ ಪುಟಿಯುವ ಬಂಡೆ, ಗೋಡೆ ಸುತ್ತಿ ಓಡಿ ಬಂದು ಮತ್ತೆ ಮತ್ತೆ ಸಾಲು ಸೇರುತ್ತ ಮೂರು ಸಾವಿರವಾಗುವ ಮೂವರೇ ಮೂವರು ಸೈನಿಕರು... ಒಂದಾದರೂ ನನ್ನಿಂದ ತಪ್ಪಿಸಿಕೊಳ್ಳಲಿ ನೋಡೋಣ! ಹಾಗಂತ ನನಗೆ ತಾತ್ಸಾರವಿಲ್ಲ. ಒಂದು ಬಕೆಟ್ ನೀರಿನಲ್ಲಿ ಹಡಗು ಮುಳುಗಿಸಿ, ನೋಡುವವನ ಕಣ್ಣಲ್ಲೂ ನೀರು ತರಿಸುವ ಆ ಮಹಾನುಭಾವರಿಗಿಂತ ದೊಡ್ಡ ಗುರುಗಳು ವ್ಯಾಪಾರಿಗೆ ಬೇಕೆ?

ಅವರ ವಿದ್ಯೆಯನ್ನು ನಾನೂ ಪ್ರಯೋಗಿಸಿದ್ದೆ. ವರ್ಷಗಳ ಹಿಂದೆ ದಲ್ಲಾಳಿಯೊಬ್ಬ, ಯಾವುದೋ ಬಾಗಿಲು ಹಾಕಿದ ಗೋದಾಮಿನ ಮಾಲು ಎಂದು ಒಂಬತ್ತು ಥಾನು ಬಟ್ಟೆಯನ್ನು ನನ್ನ ತಲೆಗೆ ಕಟ್ಟಿದ್ದ. ಗಿಳಿಹಸಿರು ಮೈ, ಅದರ ತುಂಬ ಕಿತ್ತಳೆ ಬಣ್ಣದ ಕಣ್ಣುಗಳು, ಕಣ್ಣಿಗೊಂದು ಹುಬ್ಬು. ಅಚ್ಚು ಹಾಕುವವನು ತೂಕಡಿಸಿದ್ದನೋ ಏನೋ, ಪ್ರತಿ ಏಳನೇ ಕಣ್ಣು ತಲೆಕೆಳಗು! ಹುಬ್ಬು ಕೆನ್ನೆಗೆ ಇಳಿದಿತ್ತು. ಗಿರಾಕಿ ಅದನ್ನು ಬೆರಳಿಟ್ಟು ತೋರಿಸಿದರೆ ನಾನು ಧ್ವನಿ ತಗ್ಗಿಸಿ ಹೇಳುತ್ತಿದ್ದೆ: “ಅದೇ ಸ್ವಾಮಿ ಇದರ ಕಲೆ! ಮೊನ್ನೆ ತಾನೆ ಬಂದ ಹೊಸ ಡಿಸೈನು!”

ಬೀದಿ ತುದಿಯ ಹಲ್ಲು ಡಾಕ್ಟರು ನಂಬಿ ತಮ್ಮ ಕ್ಲಿನಿಕ್ಕಿಗೆ ಹಾಕಿಸಿದರು. ಉಳಿದದ್ದೆಲ್ಲ ಒಂದೇ ಸಲ ಖಾಲಿಯಾಗುವ ಯೋಗವೂ ಕೂಡಿ ಬಂತು. ಸ್ಕೂಲಿನ ಹೆಡ್‌ಮಿಸ್ಟ್ರೆಸ್ ಮೇಡಂ ತಮ್ಮ ಸಭಾಂಗಣದ ಕಿಟಕಿಗಳಿಗೆ ಅದನ್ನೇ ಹಾಕಿಸಲು ಮುಕ್ಕಾಲು ಪಾಲು ಒಪ್ಪಿದ್ದರು. ಉಳಿದ ಕಾಲು ಪಾಲಿಗೆ ನಾನು ಹೊಂಚು ಹಾಕುತ್ತಿರುವಾಗ ತಿಳಿಯಿತು, ಅವರಿಗೂ ಹಳೆಯ ರಾಕ್ಷಸರ ಸಿನಿಮಾ ಎಂದರೆ ಪ್ರಾಣ! ಒಂದೇ ಏಟಿಗೆ ಎರಡು ಹಕ್ಕಿ! ನಾನೂ ಅದುವರೆಗೆ ನೋಡಿರದ, ಗುಹೆಯ ರಾಕ್ಷಸನೊಬ್ಬನ ನಲವತ್ತು ವರ್ಷ ಹಳೆಯ ಬಣ್ಣದ ಸಿನಿಮಾ ಸಂಪಾದಿಸಿ, ಪ್ರೊಜೆಕ್ಟರ್ ಬಾಡಿಗೆಗೆ ತಂದು, ಭಾನುವಾರ ಮಧ್ಯಾಹ್ನ ಮೇಡಂ ಅವರನ್ನು ಮನೆಗೆ ಕರೆದೆ. ಬಟ್ಟೆಗೆ ಸಾಕ್ಷಿ ಹೇಳಲು ಡಾಕ್ಟರನ್ನೂ ಕರೆದೆ.

“ಸಿನಿಮಾ ಸರಿ, ಕತ್ತಲೆ ಎಲ್ಲಿಂದ ತರ್ತೀರಿ?” ಎಂದಳು ಹೆಂಡತಿ. ಹಾಲಿನ ಎರಡು ದೊಡ್ಡ ಕಿಟಕಿಗಳಿಂದ ಬಿಸಿಲು ಮನೆ ಅಳಿಯನ ಹಾಗೆ ಒಳಗೆ ಬಂದು ಕೂತಿತ್ತು. “ಊರಿಗೆಲ್ಲ ಪರದೆ ಮಾರೋರ ಮನೇಲಿ ಒಂದು ಪರದೆ ಇಲ್ಲ. ಮೂರು ವರ್ಷದಿಂದ ಕೇಳ್ತಾ ಇದೀನಿ ರೀ!”

“ಮಾರೋ ಮಾಲನ್ನೆಲ್ಲ ಮನೇಲಿ ನೇತುಹಾಕಿದ್ರೆ ಮಾರೋದು ಏನನ್ನೇ?”

ಆದರೂ ಕತ್ತಲೆ ಬೇಕಲ್ಲ! ಅಂಗಡಿಯಿಂದ ಅದೇ ಕಣ್ಣಿನ ಬಟ್ಟೆ ತಂದು ಎರಡು ಕಿಟಕಿಗೂ ಕಟ್ಟಿದೆ.

“ಅಯ್ಯೋ, ನನ್ನನ್ನೇ ನೋಡ್ತಾವಲ್ರೀ!”

“ಒಂದು ಮಧ್ಯಾಹ್ನ ನೋಡಿಸ್ಕೊ. ಮೇಡಂ ಕಣ್ಣಿಗೂ ಬೀಳ್ತಾ ಇರಲಿ. ಇದಕ್ಕೆ ವ್ಯಾಪಾರ ಅಂತಾರೆ!”

ಗೋಡೆಯ ಮೇಲೆ ಸಿನಿಮಾ ಶುರುವಾಯಿತು. ಮಹಾರಾಜರು ಸಿಂಹಾಸನದಿಂದ ಎದ್ದರು.

“ವಾಚು! ವಾಚು ನೋಡಿ ಮೇಡಂ!” ಎಂದು ಕೂಗಿದೆ.

“ವಾಚ್ ಇರ್ಲಿ ಸಾಹುಕಾರ್ರೆ. ಅವರ ಹಿಂದಿರೋ ಪರದೆ...”

“ದಾರ! ದಾರ ಕಾಣ್ತು!”

ಖಳನಾಯಕನ ಅಡ್ಡೆಯಲ್ಲೂ ನಾನು ಹುಡುಕಿದ್ದು ದಾರವನ್ನೇ. ಮೇಡಂ ಮಾತ್ರ ಕನ್ನಡಕ ಒರೆಸಿಕೊಂಡು ಮುಂದಕ್ಕೆ ಬಾಗಿದರು. ಅಷ್ಟರಲ್ಲಿ ಗುಹೆಯಿಂದ ರಾಕ್ಷಸ ಹೊರಬಂದ. ಘರ್ಜಿಸಿದ. ಹತ್ತಿರ ಬಂದು, ನಮಗೆ ಬೆನ್ನು ಮಾಡಿ ನಿಂತ. ಗೋಡೆ ತುಂಬ ಅವನ ಬೆನ್ನೇ. ಗಿಳಿಹಸಿರು ಬೆನ್ನು! ಅದರ ತುಂಬ ಕಿತ್ತಳೆ ಕಣ್ಣುಗಳು!

ಹಲ್ಲು ಡಾಕ್ಟರು ಎದ್ದು ಹೋಗಿ, ದವಡೆ ಪರೀಕ್ಷಿಸುವವರಂತೆ ಒಂದೊಂದನ್ನೇ ಎಣಿಸಿದರು. “...ಐದು, ಆರು, ಏಳು. ತಲೆಕೆಳಗು!”

ಎಲ್ಲರ ಕತ್ತೂ ಗೋಡೆಯಿಂದ ಕಿಟಕಿಗೆ, ಕಿಟಕಿಯಿಂದ ಗೋಡೆಗೆ ತಿರುಗತೊಡಗಿತು. ನಾನು ಮಾತ್ರ ನನ್ನ ಕಾಲಿನ ಬೆರಳು ನೋಡುತ್ತಿದ್ದೆ.

“ಇದು ನನ್ನ ಕ್ಲಿನಿಕ್ ಕಿಟಕಿ ಕಣ್ರೀ!” ಎಂದರು ಡಾಕ್ಟರು. “ಅದಕ್ಕೇ ಮಕ್ಕಳು ನನ್ನ ಇಕ್ಕಳ ನೋಡೋಕೆ ಮುಂಚೇನೇ ಅಳೋದು!”

ವ್ಯಾಪಾರಿ ಸೋಲಬಾರದು. “ಕದ್ದಿದ್ದಾರೆ ಮೇಡಂ! ನಮ್ಮ ಡಿಸೈನನ್ನ ಸಿನಿಮಾದವರು ಕದ್ದಿದ್ದಾರೆ!”

“ಮೊನ್ನೆ ತಾನೆ ಬಂದ ಡಿಸೈನನ್ನ ನಲವತ್ತು ವರ್ಷ ಮುಂಚೆನೇ ಕದ್ರಾ?” ಎಂದರು ಮೇಡಂ. ಎಷ್ಟು ತಲೆಮಾರಿನ ತುಂಟರನ್ನು ಬೆಂಚಿನ ಮೇಲೆ ನಿಲ್ಲಿಸಿದ ಧ್ವನಿಯೋ ಅದು!

ಸಿನಿಮಾ ನಿಲ್ಲಿಸಿದರೆ ಮಾನ ಉಳಿದೀತೆಂದು ಪ್ರೊಜೆಕ್ಟರಿನತ್ತ ಹಾರಿದೆ. ವಯರು ಕಾಲಿಗೆ ಸುತ್ತಿಕೊಂಡಿತು. ಆಸರೆಗೆ ಕೈಗೆ ಸಿಕ್ಕಿದ್ದು ಪರದೆ. ಪರದೆ, ಕಂಬಿ, ಮೊಳೆ, ಸುಣ್ಣ, ಎಲ್ಲವೂ ಸಪರಿವಾರ ನನ್ನ ಮೇಲೆ ಇಳಿದವು. ಬಟ್ಟೆಯೊಳಗಿಂದ ದಾರಿ ಕಾಣದೆ ಎರಡೂ ಕೈ ಚಾಚಿ “ಆಆ!” ಎಂದು ತಡವರಿಸುತ್ತ ಹೊರಟೆ. ಗೋಡೆಯ ಮೇಲೆ ಅವನು, ಗೋಡೆಯ ಮುಂದೆ ನಾನು! ಟೀ ತಟ್ಟೆ ಉರುಳಿತು. ಡಾಕ್ಟರು ಸೋಫಾ ಹತ್ತಿದರು.

“ಹೆದರ್ಬೇಡಿ ಡಾಕ್ಟ್ರೇ, ಇದು ಕಚ್ಚಲ್ಲ,” ಎಂದಿತು ಹೆಂಡತಿಯ ಶಾಂತ ಧ್ವನಿ. “ಇದಕ್ಕೆ ಬಾಯಿ ಮಾತ್ರ ಜೋರು.”

ನಾನು ಬಟ್ಟೆಯಿಂದ ತಲೆ ಹೊರಗೆ ಹಾಕುವ ಹೊತ್ತಿಗೆ ಬಿಸಿಲು ಒಳನುಗ್ಗಿ ರಾಕ್ಷಸ ಮಾಯವಾಗಿದ್ದ. ಮೇಡಂ ಕೈಚೀಲ ಹೆಗಲಿಗೇರಿಸಿದ್ದರು.

“ಮೇಡಂ... ಸಭಾಂಗಣದ ಆರ್ಡರು...”

“ನೀವು ಸುಮ್ನಿರಿ,” ಎಂದಳು ಹೆಂಡತಿ. “ಮೇಡಂ, ನಿಜ ಹೇಳಿಬಿಡ್ತೀನಿ. ಇದು ಹೊಸದೂ ಅಲ್ಲ, ಕಲೆನೂ ಅಲ್ಲ. ಅಚ್ಚು ತಪ್ಪಿರೋ ಹಳೇ ಮಾಲು. ಇದು ಬಂದ ಗೋದಾಮು ಸಿನಿಮಾದೋರದ್ದೇ ಇರಬೇಕು. ಕಿಟಕಿಗೆ ಹಾಕಿದ್ರೆ ನಿಮ್ಮ ಮಕ್ಕಳು ಪಾಠ ಬಿಟ್ಟು ಕಣ್ಣು ಎಣಿಸ್ತಾವೆ. ಆದ್ರೆ ನಾಟಕಕ್ಕೆ ರಾಕ್ಷಸನ ಚರ್ಮ ಬೇಕಂದ್ರೆ, ಇದಕ್ಕಿಂತ ಅಸಲಿ ಎಲ್ಲೂ ಸಿಗಲ್ಲ.”

ಮೇಡಂ ಮುಖ ಅರಳಿತು. “ಅಸಲಿ ರಾಕ್ಷಸನದ್ದು! ಅಲ್ರೀ ಸಾಹುಕಾರ್ರೆ, ಇದನ್ನ ಮೊದಲೇ ಹೇಳೋದಲ್ವೇ?”

ಇದ್ದಷ್ಟು ಥಾನೂ ಹೋಯಿತು. ಸ್ಕೂಲಿಗೆ ವರ್ಷಕ್ಕೊಂದು ರಾಕ್ಷಸನ ನಾಟಕವಂತೆ. ಉಳಿದ ಕಿಟಕಿಯದ್ದನ್ನೂ, ನನ್ನ ಮೈಮೇಲಿದ್ದದ್ದನ್ನೂ ಬಿಚ್ಚಿಸಿ, ಮಡಿಸಿ ಒಯ್ದರು. ಡಾಕ್ಟರು ತಮ್ಮದನ್ನು ಕೊಡಲು ಒಪ್ಪಲಿಲ್ಲ. ಬಾಯಿ ತೆರೆದು ತೋರಿಸಿದ ಮಕ್ಕಳಿಗೆ ರಾಕ್ಷಸನನ್ನು ಮುಟ್ಟಲು ಬಿಡುತ್ತಾರಂತೆ! ವರ್ಷಗಟ್ಟಲೆ ನಾನು ಬಾಯಿ ನೋಯಿಸಿಕೊಂಡು ಮಾರಲಾಗದ ಮಾಲನ್ನು ಹೆಂಡತಿ ಒಂದೇ ಉಸಿರಿನ ನಿಜಕ್ಕೆ ಮಾರಿದ್ದಳು.

ಮರುದಿನ ಸಂಜೆ, ಎಷ್ಟಾದರೂ ಮಾಲು ಖಾಲಿಯಾಯಿತಲ್ಲ ಎಂದು ಮೀಸೆ ತಿರುವುತ್ತ ಮನೆಗೆ ಬಂದೆ. ಹಾಲಿನಲ್ಲಿ ಏಣಿ. ಏಣಿಯ ಮೇಲೆ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ನನ್ನ ಕಿಟಕಿಯ ಅಳತೆ ತೆಗೆಯುತ್ತಿದ್ದವನು ಎದುರಿನ ಪರದೆ ಅಂಗಡಿಯವನು! ಹದಿನೈದು ವರ್ಷಗಳಿಂದ ನನ್ನ ವೈರಿ!

“ಲೇ, ಏನೇ ಇದು? ನಮ್ಮ ಅಂಗಡೀಲಿ ಪರದೆ ಇರಲಿಲ್ವಾ?”

“ಇತ್ತು. ಆದ್ರೆ ನಿಮ್ಮ ಮಾತು ನಂಬೋ ಗಿರಾಕಿ ನಾನಲ್ಲ,” ಎಂದಳು.

ಎದುರಂಗಡಿಯವನು ಏಣಿಯಿಂದ ಬಗ್ಗಿ, ಧ್ವನಿ ತಗ್ಗಿಸಿ, ಬಹಳ ವಿನಯದಿಂದ ಕೇಳಿದ:

“ಅಣ್ಣಾ, ಮೊನ್ನೆ ತಾನೆ ಬಂದ ಹೊಸ ಡಿಸೈನೊಂದಿದೆ. ತೋರಿಸ್ಲಾ?”