ಬಾಣವಾಗಿ ಬರುವ ಮಾವ

ನೀವು ಭೂತವನ್ನು ನಂಬುತ್ತೀರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನಂತೂ ನಂಬಲೇಬೇಕು, ಏಕೆಂದರೆ ಅದು ನನ್ನ ಸೋದರಮಾವ! ಕುಮಟೆಯ ತನ್ನ ಮನೆಯ ಜಗಲಿ ಇಳಿಯದ ಈ ಮಹಾನುಭಾವ ಬೆಳಿಗ್ಗೆ ಭಟ್ಕಳದಲ್ಲಿ ನನ್ನ ಅಕ್ಕನ ಮನೆ ಹೊಕ್ಕು, ಮಧ್ಯಾಹ್ನದ ಹೊತ್ತಿಗೆ ಹೊನ್ನಾವರದ ನನ್ನ ಅಂಗಡಿಗೆ ಬಂದಿರುತ್ತಾನೆ. ಬಸ್ಸಿಲ್ಲ, ಸ್ಕೂಟರಿಲ್ಲ, ಹೆಜ್ಜೆಯ ಸಪ್ಪಳವೂ ಇಲ್ಲ.

ಒಂದು ಕಾಲದಲ್ಲಿ ಅವನು ಕುಮಟೆಯಲ್ಲಿ ಟಿವಿ ರಿಪೇರಿ ಮಾಡುತ್ತಿದ್ದ. ಕಂಡವರ ಮನೆಯ ಮಾಡು ಹತ್ತಿ, ಆಂಟೆನಾ ತಿರುಗಿಸುತ್ತ "ಬಂತಾ?" ಎಂದು ಕೂಗುವುದೇ ಕಸುಬು. ಕೆಳಗಿನವರು "ಬಂತು... ಹೋತು... ಬಂತು ಬಂತು! ಕೈ ಅಲ್ಲೇ ಇರ್ಲಿ!" ಎಂದು ಕಿರುಚುತ್ತಿದ್ದರು. ಕೈಯಲ್ಲಿ ಹಿಡಿದಿದ್ದರೆ ಚಿತ್ರ, ಬಿಟ್ಟರೆ ಬರೀ ಚುಕ್ಕಿ. ಒಂದು ಮನೆಯವರಂತೂ ಇಡೀ ಕ್ರಿಕೆಟ್ ಮ್ಯಾಚು ಮುಗಿಯುವವರೆಗೆ ಅವನನ್ನು ಹಂಚಿನ ಮೇಲೆಯೇ ನಿಲ್ಲಿಸಿದ್ದರಂತೆ! ಯಾರು ಗೆದ್ದರು ಮಾವಾ ಎಂದರೆ, "ನಂಗೆಂತ ಗೊತ್ತು? ನಾ ಕಾಗೆ ನೋಡ್ತಾ ಕೂತಿದ್ದೆ" ಎನ್ನುತ್ತಾನೆ. ಆಂಟೆನಾಗಳ ಕಾಲ ಮುಗಿದ ಮೇಲೆ ಮಾಡಿನಿಂದ ಇಳಿದು, ಕಂಪ್ಯೂಟರ್ ಕಲಿತು, ಕುರ್ಚಿ ಹತ್ತಿದ. ಆಮೇಲೆ ಅಲ್ಲಿಂದ ಇಳಿಯಲೇ ಇಲ್ಲ.

ನನ್ನದು ಹೊನ್ನಾವರದ ಪೇಟೆಯಲ್ಲೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದದಿಂದ ಉತ್ತರಕ್ರಿಯೆಯ ಕಾರ್ಡಿನವರೆಗೆ ಎಲ್ಲ ಮಾಡಿಕೊಡುತ್ತೇನೆ. ನನ್ನ ಮತ್ತು ಅಕ್ಕನ ಕಂಪ್ಯೂಟರುಗಳಲ್ಲಿ ಮಾವ ಎಂತದೋ ಒಂದು ಹಾಕಿಟ್ಟಿದ್ದಾನೆ. ನಮ್ಮ ಪರದೆ ಅವನಿಗೆ ಕುಮಟೆಯಲ್ಲಿ ಕಾಣುತ್ತದೆ. ಅಲ್ಲಿ ಅವನು ಮೌಸು ಆಡಿಸಿದರೆ ಇಲ್ಲಿ ನಮ್ಮ ಪರದೆಯ ಮೇಲಿನ ಬಾಣ ಓಡುತ್ತದೆ. ರಿಪೇರಿಗೆ ಅನುಕೂಲ, ನಿಜ. ಆದರೆ ಹೇಳಿ ಕೇಳಿ ಬರುವ ಜನವೇ ಅದು? ಮಧ್ಯಾಹ್ನ ಬೀದಿಯೆಲ್ಲ ಉಂಡು ಮಲಗಿರುವಾಗ, ನಾನು ಕೈ ಕಟ್ಟಿ ಕೂತಿರುವಾಗ, ಬಾಣ ತನ್ನಷ್ಟಕ್ಕೆ ಎದ್ದು ನಡೆಯತೊಡಗುತ್ತದೆ. ಇಷ್ಟು ವರ್ಷವಾದರೂ ನನ್ನ ಕುತ್ತಿಗೆಯ ಹಿಂದೆ ತಣ್ಣಗಾಗುವುದು ನಿಂತಿಲ್ಲ.

ಬಂದದ್ದು ಮಾವನೇ ಎಂದು ಗೊತ್ತಾಗುವುದು ನಡಿಗೆಯಿಂದ. ಮೊದಲು ಎಡಗಡೆಯ ಮೂಲೆಗೆ ಹೋಗಿ ಒಂದು ಸುತ್ತು ಹಾಕುತ್ತಾನೆ, ಬಾಗಿಲಲ್ಲಿ ಚಪ್ಪಲಿ ಬಿಡುವವರ ಹಾಗೆ. ಆಮೇಲೆ ನೇರ ಕೆಲಸಕ್ಕೆ. ಫೋನು ಮಾಡುವುದಿಲ್ಲ, ಹೇಳುವುದಿದ್ದರೆ ಖಾಲಿ ಪುಟವೊಂದನ್ನು ತೆರೆದು ಟೈಪು ಮಾಡುತ್ತಾನೆ. ನಡುವೆ ನಾನು ಮೌಸು ಮುಟ್ಟಿದೆನೋ, ಬಾಣ ಒಂದು, ಎಳೆಯುವವರು ಇಬ್ಬರು! ಅದು ಗೂಟಕ್ಕೆ ಕಟ್ಟಿದ ಕರುವಿನಂತೆ ಒದ್ದಾಡುತ್ತದೆ. ಕೂಡಲೇ ಪರದೆಯ ಮೇಲೆ ಅಕ್ಷರ ಮೂಡುತ್ತದೆ: "ಕೈ ತೆಗಿ." ನನ್ನ ಅಂಗಡಿ, ನನ್ನ ಮೌಸು, ನನಗೇ ಅಪ್ಪಣೆ!

ಒಮ್ಮೆ ಹೊಳೆಯಾಚೆಯ ಕಾಸರಕೋಡಿನವನೊಬ್ಬ ಸೇತುವೆ ದಾಟಿ ಬಂದ. ತೀರಿಕೊಂಡ ಅಪ್ಪನ ಉತ್ತರಕ್ರಿಯೆಯ ಕಾರ್ಡು ಆಗಬೇಕಿತ್ತು. ಮುದುಕರ ಫೋಟೋವನ್ನು ಪರದೆಗೆ ತಂದು, ಹೆಸರು ಕೇಳಲು ನಾನು ಅವನ ಕಡೆ ತಿರುಗಿದ್ದೆ. ಅವನು ನನ್ನನ್ನು ನೋಡುತ್ತಿರಲಿಲ್ಲ. ಪರದೆಯಲ್ಲಿ ಬಾಣ ಮೂಲೆಯಿಂದ ಇಳಿದು ಬಂದು, ಮುದುಕರ ಮುಖದ ಸುತ್ತ ಮೆಲ್ಲಗೆ ಸುಳಿದು, ಹಣೆಯ ಹತ್ತಿರ ನಿಂತಿತು. ಪಕ್ಕದಲ್ಲಿ ಅಕ್ಷರ ಮೂಡಿತು: "ತಲೆ ವಾರೆ ಆಯ್ದು. ಸಮ ಮಾಡು." ನಾನು ಮೌಸು ಮುಟ್ಟುವ ಮೊದಲೇ ಸತ್ತವರ ತಲೆ ನಿಧಾನಕ್ಕೆ ನೆಟ್ಟಗಾಯಿತು!

ಅವನು ಕುರ್ಚಿಯಿಂದ ಎದ್ದು, ಮಾನಿಟರಿಗೆ ಎರಡೂ ಕೈ ಮುಗಿದ. "ಅಪ್ಪನೇ, ಅಕ್ಕಾ. ಇದ್ದಾಗ್ಲೂ ಹಿಂಗೇ. ಯಾರು ಎಂತ ಮಾಡಿದ್ರೂ ಒಂದು ಕೊಂಕು ತೆಗೀದೇ ಬಿಡ್ತಿರಲಿಲ್ಲ!"

ಅದು ನನ್ನ ಮಾವ ಎಂದು ಎಷ್ಟು ಹೇಳಿದರೂ ಅವನು ಒಪ್ಪಲಿಲ್ಲ. ಯಾವುದಕ್ಕೂ ಇರಲಿ ಎಂದು ಮಾರನೇ ದಿನ ಕಂಪ್ಯೂಟರಿನ ಮುಂದೆ ಒಂದು ಬಾಳೆಗೊನೆ ಇಟ್ಟು ಹೋದ.

ಭಟ್ಕಳದ ಅಕ್ಕನ ಕಥೆ ಬೇರೆ. ಅವಳು ಮನೆಯಿಂದಲೇ ಮಕ್ಕಳಿಗೆ ಆನ್‌ಲೈನ್ ಪಾಠ ಮಾಡುತ್ತಾಳೆ. ಮಾವ ಯಾವ ಗಳಿಗೆಯಲ್ಲಿ ನುಗ್ಗುತ್ತಾನೋ ಎಂದು ಹೆದರಿ ಕ್ಯಾಮರಾಕ್ಕೆ ತನ್ನ ಹಣೆಯ ಬಿಂದಿ ತೆಗೆದು ಅಂಟಿಸಿದ್ದಳು. ಪಾಠಕ್ಕೆ ಮುಂಚೆ ಎಲ್ಲ ಸರಿಯಿದೆಯೇ ಎಂದು ಪರೀಕ್ಷಿಸಲು ಬಂದ ಮಾವ ಕ್ಯಾಮರಾ ತೆರೆದು ನೋಡಿ ಟೈಪು ಮಾಡಿದ: "ಗೋಡೆಗೆ ಕೆಂಪು ಬಣ್ಣ ಯಾವಾಗ ಹೊಡಸ್ದ್ರಿ?"

ಇಂಥ ಮಾವನ ಬಾಣ ಈ ಮಳೆಗಾಲ ಕಳೆದ ಮೇಲೆ ಬೇರೆ ಥರ ಬರತೊಡಗಿತು. ಮೂಲೆಗೆ ಹೋಗುತ್ತದೆ, ಸುತ್ತು ಹಾಕುತ್ತದೆ, ಆದರೆ ಸುತ್ತು ದುಂಡಗಿಲ್ಲ. ನಿಂತಲ್ಲಿ ನಿಲ್ಲುವುದಿಲ್ಲ, ಸಣ್ಣಗೆ ಅದುರುತ್ತಲೇ ಇರುತ್ತದೆ. ಮೌಸು ಕೆಟ್ಟಿರಬೇಕೆಂದು ಫೋನು ಮಾಡಿದೆ. "ಆತು, ಬದಲಾಯಿಸ್ತೆ" ಎಂದ. ಬದಲಾಯಿಸಿದ ಮೇಲೂ ಹಾಗೆಯೇ. ನಡಿಗೆ ಮಾವನದು, ಮೈ ಬೇರೆ ಯಾರದೋ! ಮಾವನ ಹೆಸರಿನಲ್ಲಿ ಯಾವನೋ ಅಪರಿಚಿತ ನನ್ನ ಅಂಗಡಿಯೊಳಗೆ ಹೊಕ್ಕಿದ್ದಾನೆಯೇ? ಹೆದರಿ ಒಂದು ಮಧ್ಯಾಹ್ನ ಇಂಟರ್ನೆಟ್ಟಿನ ವಯರನ್ನೇ ಕಿತ್ತು ಕೂತೆ.

ಅಷ್ಟರಲ್ಲಿ ಕಾಸರಕೋಡಿನವನು ಅಪ್ಪನ ವರ್ಷದ ತಿಥಿಯ ಕಾರ್ಡಿಗೆ ಬಂದ. ವಯರನ್ನು ಮತ್ತೆ ಸಿಕ್ಕಿಸಿ ಅದೇ ಫೋಟೋ ತೆರೆದೆ. ಬಾಣ ಬಂತು. ಮುದುಕರ ಹಣೆಯ ಬಳಿ ನಿಲ್ಲಲು ನೋಡಿ, ಆಗದೆ, ಅದುರುತ್ತ ಕೆನ್ನೆಗೆ ಜಾರಿತು. ಈ ಸಲ ಅವನು ಕೈ ಮುಗಿಯಲಿಲ್ಲ. ಬಹಳ ಮೆಲ್ಲಗೆ ಹೇಳಿದ: "ಹೌದು ಅಕ್ಕಾ. ಅಪ್ಪನ ಕೈ ಕಡೆಕಡೆಗೆ ಹಿಂಗೇ ನಡುಗ್ತಿತ್ತು."

ನಡುಗುತ್ತಿರುವುದು ಬಾಣವಲ್ಲ, ಕೈ ಎಂದು ನನಗೆ ಹೊಳೆದದ್ದು ಆಗ. ಕಾರ್ಡು ಮುಗಿಸಿಕೊಟ್ಟು, ಅಂಗಡಿಗೆ ಬೀಗ ಹಾಕಿ ಕುಮಟೆಯ ಬಸ್ಸು ಹತ್ತಿದೆ.

ಮಾವ ಕುರ್ಚಿಯಲ್ಲಿದ್ದ, ಬಲಗೈ ಮೇಲೆ ಟವೆಲು ಹೊದೆಸಿಕೊಂಡು. ಅತ್ತೆ ನನ್ನನ್ನು ಕಂಡವಳೇ ದೂರು ಶುರುಮಾಡಿದಳು. "ನಿನ್ನ ಮಾವಂಗೆ ಹೊಸ ಮಳ್ಳು ಹಿಡದದೆ ನೋಡು! ಚಾ ಎಡಗೈಲಿ ಕುಡಿತ್ರು. ಊಟಕ್ಕೆ ಚಮಚ ಬೇಕು ಅಂಬ್ರು, ದೊಡ್ಡ ಸಾಹೇಬ್ರು!"

ನಾನು ನಗಲಿಲ್ಲ. ಮಾವ ನನ್ನ ಮುಖ ನೋಡಿ ಟವೆಲನ್ನು ಇನ್ನಷ್ಟು ಎಳೆದುಕೊಂಡ. ಅತ್ತೆ ಒಳಗೆ ಹೋದ ಮೇಲೆ, "ಯಾರಿಗೂ ಹೇಳಬೇಡ" ಎಂದ. ಹೆಂಡತಿಗೂ ಕಾಣದಂತೆ ಮುಚ್ಚಿಟ್ಟಿದ್ದ ಕೈಯನ್ನು ಅವನ ಬಾಣ ಹೊನ್ನಾವರದ ಪೇಟೆಯಲ್ಲಿ ಎಲ್ಲರಿಗೂ ತೋರಿಸುತ್ತಿತ್ತು!

ಹೇಳದೆ ಇರುವುದು ಸಾಧ್ಯವೇ? ಅತ್ತೆಗೆ ಹೇಳಿದೆ, ಡಾಕ್ಟರ ಬಳಿ ಕರೆದೊಯ್ದೆವು. ಮಾತ್ರೆಯಿಂದ ನಡುಕ ಕಡಿಮೆಯಾಗಬಹುದು, ಪೂರ್ತಿ ಹೋಗಲಾರದು ಎಂದರು. ಅದಾದ ಮೇಲೆ ಮಾವ ಬರುವುದನ್ನೇ ನಿಲ್ಲಿಸಿಬಿಟ್ಟ. ಮಧ್ಯಾಹ್ನಗಳಲ್ಲಿ ಬಾಣ ನಾನು ಬಿಟ್ಟಲ್ಲೇ ಬಿದ್ದಿರುತ್ತಿತ್ತು. ತನ್ನಷ್ಟಕ್ಕೆ ಅಲುಗುವ ಬಾಣಕ್ಕಿಂತ ಅಲುಗದ ಬಾಣವೇ ಹೆಚ್ಚು ಹೆದರಿಸುತ್ತದೆ ಎಂದು ನನಗೇನು ಗೊತ್ತಿತ್ತು!

ನಿನ್ನೆ ತಡೆಯಲಾರದೆ ನಾನೇ ಪ್ರಿಂಟರಿನ ಸೆಟ್ಟಿಂಗು ಕೆಡಿಸಿ ಫೋನು ಹಚ್ಚಿದೆ. "ಮಾವಾ, ಎಂತದೋ ಆಗಿದೆ. ಗಿರಾಕಿ ಕಾಯ್ತಾ ಕೂತಿದ್ದಾರೆ, ಬಾ."

ಗಿರಾಕಿ ಯಾರೂ ಇರಲಿಲ್ಲ. ತುಂಬ ಹೊತ್ತಾದ ಮೇಲೆ ಬಾಣ ಎದ್ದಿತು. ಮೂಲೆಯಲ್ಲಿ ಸೊಟ್ಟಗೆ ಒಂದು ಸುತ್ತು ಹಾಕಿತು. ಪ್ರಿಂಟರು ಸರಿಯಾಗಲು ಪರದೆಯ ಮೇಲಿನ ಸಣ್ಣದೊಂದು ಗುಂಡಿಯನ್ನು ಒತ್ತಬೇಕಿತ್ತು. ಹತ್ತಿರ ಹೋಗುತ್ತದೆ, ಅದುರಿ ಪಕ್ಕಕ್ಕೆ ಸರಿಯುತ್ತದೆ, ಮತ್ತೆ ಹೋಗುತ್ತದೆ. ನೋಡಲಾಗಲಿಲ್ಲ ನನಗೆ. ಮೆಲ್ಲಗೆ ನನ್ನ ಮೌಸಿನ ಮೇಲೆ ಕೈ ಇಟ್ಟು, ಅವನು ಜಾರಿದ ಕಡೆಯಿಂದ ಒಂಚೂರು ಈಚೆ ತಂದೆ. ಬಾಣ ಗುಂಡಿಯ ಮೇಲೆ ನಿಂತಿತು. ಮಾವ ಒತ್ತಿದ. ಪ್ರಿಂಟರು ಗರಗರ ಎಂದು ಕಾಗದ ಉಗುಳಿತು.

ಖಾಲಿ ಪುಟ ತೆರೆಯಿತು. ಬೈಸಿಕೊಳ್ಳಲು ಸಿದ್ಧಳಾಗಿ ನಾನು ಕೈ ತೆಗೆಯುವುದರಲ್ಲಿದ್ದೆ. ಅಕ್ಷರಗಳು ಒಂದೊಂದಾಗಿ, ತಪ್ಪಿ, ಅಳಿಸಿ, ಮತ್ತೆ ಮೂಡಿ, ಕೊನೆಗೆ ಸಾಲಾಗಿ ನಿಂತವು:

"ಬಂತು ಬಂತು. ಕೈ ಅಲ್ಲೇ ಇರ್ಲಿ."