ಮಾವನ ಮಟ್ಟದ ಕಲ್ಲು

ನಮ್ಮ ಮಾವ ಸಮುದ್ರವನ್ನು ಕಂಡವರಲ್ಲ. ಆದರೆ ಸಮುದ್ರವನ್ನು ಕೇಳದೆ ಅವರು ಮನೆಯಲ್ಲಿ ಒಂದು ಮಣೆಯನ್ನೂ ಹಾಕಿದವರಲ್ಲ.

ಮಾವ ಎಂದರೆ ನನ್ನ ತಾಯಿಯ ತಮ್ಮ. ಬಸವಾಪಟ್ಟಣದಲ್ಲಿ ಮನೆ. ಸೇವೆಯುದ್ದಕ್ಕೂ ಅವರು ಮಾಡಿದ್ದು ಒಂದೇ ಕೆಲಸ: ಮೂರು ಕಾಲಿನ ಯಂತ್ರವೊಂದನ್ನು ಹೊಲದಲ್ಲೋ ರಸ್ತೆಯಲ್ಲೋ ನಿಲ್ಲಿಸಿ, ಆ ಜಾಗ ಸಮುದ್ರಕ್ಕಿಂತ ಎಷ್ಟು ಎತ್ತರದಲ್ಲಿದೆ ಎಂದು ನೋಡುವುದು. ಹಾಗೆ ನೋಡಿದ ಎತ್ತರಕ್ಕೆ ಸಾಕ್ಷಿಯಾಗಿ ಅಲ್ಲಲ್ಲಿ ಕಲ್ಲುಗಳ ಮೇಲೆ ಗುರುತು ಕೊರೆದಿರುತ್ತಾರೆ. ಕಚೇರಿಯವರು ಅದನ್ನು ಬೆಂಚ್ ಮಾರ್ಕ್ ಎನ್ನುತ್ತಾರೆ. ಮಾವ ಮಟ್ಟದ ಕಲ್ಲು ಎನ್ನುತ್ತಾರೆ. ಕಾಲುವೆ, ಸೇತುವೆ, ಕೆರೆಯ ಕೋಡಿ ಎಲ್ಲವೂ ಆ ಕಲ್ಲನ್ನು ನಂಬಿಯೇ ಏಳಬೇಕು. ಇಂಥ ಕಲ್ಲುಗಳ ಸಹವಾಸದಲ್ಲಿ ಆಯುಷ್ಯ ಕಳೆದ ಮನುಷ್ಯ ನಿವೃತ್ತನಾದ ಮೇಲೆ ಸುಮ್ಮನಿರುತ್ತಾನೆಯೇ?

ಅವರ ಜೇಬಿನಲ್ಲಿ ಸದಾ ಒಂದು ನಿಂಬೆಹಣ್ಣು ಇರುತ್ತದೆ. ಹೋದ ಮನೆಯಲ್ಲೆಲ್ಲ ಅದನ್ನು ಮೆಲ್ಲಗೆ ನೆಲಕ್ಕೆ ಬಿಟ್ಟು, ಎತ್ತ ಉರುಳುತ್ತದೆ ಎಂದು ನೋಡುತ್ತಾರೆ. ಮನೆಯವರಿಗೆ ಮಾಟದ ಅನುಮಾನ. ಮಾವನಿಗೆ ನೆಲದ ಅನುಮಾನ. ಹೊನ್ನಾಳಿಯ ಒಂದು ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಕುಳಿತೊಡನೆ ನಿಂಬೆಹಣ್ಣು ಬಿಟ್ಟು, ಎದ್ದು ಹೋಗಿ ಎದುರು ಸಾಲಿನಲ್ಲಿ ಕುಳಿತರು. ನನಗೂ ಕಣ್ಸನ್ನೆ ಮಾಡಿದರು. ಅಂದು ನಾವು ಬಿಟ್ಟ ಸಾಲಿನಲ್ಲಿ ಬಡಿಸಿದ ಸಾರೆಲ್ಲ ಎಲೆಯನ್ನು ದಾಟಿ ಊಟಕ್ಕೆ ಕುಳಿತವರ ಮಡಿಲಿಗೇ ಇಳಿಯಿತು. ನಾವು ಬಿಟ್ಟ ಜಾಗದಲ್ಲಿ ಬಂದು ಕುಳಿತಿದ್ದವರು ವರನ ದೊಡ್ಡಪ್ಪ, ಬಿಳಿಯ ರೇಷ್ಮೆ ಪಂಚೆಯಲ್ಲಿ.

"ಹೇಳಬಾರದಿತ್ತಾ ಮಾವ?" ಎಂದೆ.

"ಬೀಗರಿಗೆ ನಿಮ್ಮ ಮಟ್ಟ ಸರಿ ಇಲ್ಲ ಅನ್ನಾಕೆ ಆಗುತ್ತೇನವ್ವಾ?"

ಇಂಥ ಮಾವನ ಮನೆಯಲ್ಲಿದ್ದುಕೊಂಡೇ ನಾನು ಕೆಲಸ ಮಾಡಬೇಕಾಗಿ ಬಂದದ್ದು ನನ್ನ ಅದೃಷ್ಟವೋ ಪರೀಕ್ಷೆಯೋ ಈಗಲೂ ಹೇಳಲಾರೆ. ನಾನು ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು. ನಾನು ಬರೆದ ವಾಕ್ಯದಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಅದು ಇಡೀ ಮನೆತನದ ತಪ್ಪಾಗಿ ದಾಖಲಾಗುತ್ತದೆ ಎಂಬ ಭಯ ನನ್ನದು. ಕಚೇರಿಯೊಂದು ಗುತ್ತಿಗೆಯ ಮೇಲೆ ನನಗೆ ವಹಿಸಿದ ಕೆಲಸವಾದರೋ ಹೀಗಿತ್ತು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಮಟ್ಟದ ಕಲ್ಲುಗಳ ಹಳೆಯ ಕಾಗದಗಳನ್ನು ಕಂಪ್ಯೂಟರಿಗೆ ಏರಿಸಿ, ಊರುವಾರು ಜೋಡಿಸಿ, ಪ್ರತಿಯೊಂದರ ಮುಂದೆ ಅದರ ಈಗಿನ ಸ್ಥಿತಿಯನ್ನು ನಮೂದಿಸುವುದು. ಈ ಸುದ್ದಿ ಕೇಳಿದ ದಿನ ಮಾವ ಹೊಸ ಬಟ್ಟೆ ಹಾಕಿಕೊಂಡು ನನ್ನ ಪಕ್ಕದಲ್ಲಿ ಬಂದು ಕುಳಿತು, ಕಂಪ್ಯೂಟರಿನ ತೆರೆಯ ಒಂದು ಮೂಲೆಗೆ ಬೆರಳು ತೋರಿಸಿದರು.

"ಏನವ್ವಾ ಇದು, ಲಾಳಿಕೆ ಥರ ಕಾಣ್ತೈತೆ?"

"ಫಿಲ್ಟರ್ ಮಾವ. ಬೇಕಾದ್ದನ್ನ ಅಷ್ಟೇ ತೋರಿಸುತ್ತೆ."

"ಜರಡಿ ಅನ್ನು. ಹೊನ್ನಾಳಿ ಜರಡಿ ಹಾಕು."

ಹಾಕಿದೆ. ಹೊನ್ನಾಳಿಯ ಸಾಲುಗಳು ಉಳಿದು ಮಿಕ್ಕವು ಮರೆಯಾದವು. ಮಾವ ಎದ್ದೇ ನಿಂತರು.

"ನನ್ನ ಜಗಳೂರು ಎಲ್ಲಿ ಹೋಯ್ತು?"

"ಅಡಗಿದೆ ಮಾವ. ಅಳಿಸಿಲ್ಲ."

"ಅಡಗಾಕೆ ಅದೇನು ಕಳ್ಳನಾ? ಮೊದಲು ಈಚೆ ಕರಿ ಅದನ್ನ."

ಅಡುಗೆಮನೆಯಿಂದ ಅತ್ತೆಯ ದನಿ ಬಂತು: "ಜರಡಿ ನನ್ನ ಕೈಯಾಗೈತೆ. ಅವಳ ಪೆಟ್ಟಿಗ್ಯಾಗೆ ಯಾವ ಜರಡಿ ಹುಡುಕ್ತೀರಿ?"

ನ್ಯಾಮತಿಯ ಜರಡಿ ಹಾಕಿದಾಗ ಒಂದು ಕಲ್ಲೂ ಬೀಳಲಿಲ್ಲ. ನಾನೇ ಎಲ್ಲೋ ತಪ್ಪಿದೆನೆಂದು ಬೆವತೆ. ಮಾವ ನಕ್ಕರು. ಆ ಕಾಗದ ಬರೆದ ಕಾಲಕ್ಕೆ ನ್ಯಾಮತಿ ತಾಲ್ಲೂಕೇ ಆಗಿರಲಿಲ್ಲ; ಅದರ ಕಲ್ಲುಗಳೆಲ್ಲ ಹೊನ್ನಾಳಿಯ ಹೆಸರಿನಲ್ಲಿ ಕುಳಿತಿದ್ದವು. "ನೋಡವ್ವಾ, ಕಲ್ಲು ಕೂತಲ್ಲೇ ಕೂತೈತೆ. ತಾಲ್ಲೂಕೇ ಎದ್ದು ಅದರ ಹತ್ರ ಬಂದೈತೆ" ಎಂದರು. ಕತ್ತಲಗೆರೆಯನ್ನು ಯಾರೋ ಒಂದೆಡೆ ಕತ್ತಲೆಗೆರೆ ಎಂದು ಬರೆದಿದ್ದರಿಂದ ತಂತ್ರಾಂಶ ಅದನ್ನು ಎರಡು ಊರೆಂದೇ ತಿಳಿಯಿತು. ಸರಿಪಡಿಸುತ್ತೇನೆ ಎಂದರೆ ಮಾವ ಪಿಸುಗುಟ್ಟಿದರು: "ಬೇಗ ಮಾಡು. ಆ ಊರೋರಿಗೆ ಗೊತ್ತಾದ್ರೆ ಎರಡು ಪಂಚಾಯ್ತಿ ಕೇಳ್ತಾರೆ."

ನಮ್ಮಿಬ್ಬರಿಗೂ ನಿಜವಾದ ಜಗಳ ಹತ್ತಿದ್ದು ಸ್ಥಿತಿಯ ಖಾನೆಯಲ್ಲಿ. ಅಲ್ಲಿ ಆರಿಸಿಕೊಳ್ಳಲು ಕಚೇರಿ ಕೊಟ್ಟ ಮಾತು ಮೂರೇ: ಇದೆ, ಸಿಕ್ಕಿಲ್ಲ, ನಾಶವಾಗಿದೆ. ಮೊದಲ ಮಾತೇ ಮಾವನಿಗೆ ಹಿಡಿಸಲಿಲ್ಲ.

"ಜಗಳೂರು ಕಡೆ ಕಲ್ಲನ್ನ 'ಇದೆ' ಅಂದ್ರೆ ಯಾರು ನಂಬ್ತಾರೆ? 'ಐತೆ' ಅಂದ್ರೆ ಐತೆ."

"ಬರವಣಿಗೆಯ ಭಾಷೆ ಬೇರೆ ಮಾವ. 'ಐತೆ' ಅಂತ ಕಳಿಸಿದರೆ ನನಗೇನು ಬೆಲೆ ಉಳಿಯುತ್ತೆ?"

ಅದನ್ನು ಬಿಟ್ಟುಕೊಟ್ಟರು. ಆದರೆ ಮೂರನೆಯ ಮಾತಿನಲ್ಲಿ ಅವರು ಕಲ್ಲಿಗಿಂತ ಕಠಿಣ. ಚನ್ನಗಿರಿ ಕಡೆಯ ಒಂದು ಮೋರಿಯ ಕಲ್ಲಿಗೆ ಟ್ರ್ಯಾಕ್ಟರ್ ತಾಗಿ ಸ್ವಲ್ಪ ಅಲುಗಿತ್ತಂತೆ. ಗುರುತು ಚೆನ್ನಾಗಿಯೇ ಕಾಣುತ್ತಿದ್ದುದರಿಂದ ನಾನು 'ಇದೆ' ಎಂದು ಒತ್ತಹೋದೆ. ಮಾವ ನನ್ನ ಕೈ ಹಿಡಿದರು.

"ನಾಶ ಅಂತ ಒತ್ತು. ಕೂದಲೆಳೆಯಷ್ಟು ಜರುಗಿದ್ರೂ ಅದು ಬರೇ ಕಲ್ಲು. ಜರುಗಿದ ಕಲ್ಲು ನಂಬಿ ಕಾಲುವೆ ತೋಡಿದ್ರೆ, ನೀರು ನಿನ್ನ ಡಿಗ್ರಿ ಕೇಳಿ ಹರಿಯಲ್ಲ."

ಹೀಗೆ ನಿರ್ದಾಕ್ಷಿಣ್ಯವಾಗಿ ನಾಲ್ಕೂ ತಾಲ್ಲೂಕುಗಳನ್ನು ಜರಡಿ ಹಿಡಿದ ಮನುಷ್ಯ ಒಂದು ಸಾಲನ್ನು ಮಾತ್ರ ಮುಟ್ಟಗೊಡಲಿಲ್ಲ. ಜಗಳೂರು ತಾಲ್ಲೂಕು, ಸೊಕ್ಕೆ; ಮನೆಯ ಮುಂದಿನ ಕಟ್ಟೆಯ ಬಲತುದಿಯ ಕಲ್ಲು. ಸ್ಥಿತಿ ಖಾಲಿ. ಆ ಖಾನೆ ತುಂಬದ ಹೊರತು ತಂತ್ರಾಂಶ ಪಟ್ಟಿಯನ್ನು ಸ್ವೀಕರಿಸುವುದಿಲ್ಲ. ಪಟ್ಟಿ ಹೋಗದಿದ್ದರೆ ನನ್ನ ಗುತ್ತಿಗೆ ಮುಂದುವರಿಯುವುದಿಲ್ಲ. ಕೇಳಿದಾಗಲೆಲ್ಲ ಮಾವ, "ಅದನ್ನ ಕೊನೆಗೆ ನೋಡಾಣ" ಎನ್ನುತ್ತಿದ್ದರು.

ಕಾರಣ ಅತ್ತೆ ಹೇಳಿದರು. ಅದು ಅವರ ತವರುಮನೆಯ ಕಟ್ಟೆ. ಮಾವ ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಂತ್ರ ಹೊತ್ತುಕೊಂಡು ಅಲ್ಲಿಗೆ ಹೋದರೆ, ಗುರುತಿನ ಕಲ್ಲಿನ ಮೇಲೆ ಒದ್ದೆ ಬಟ್ಟೆ ಹಾಸಿ ಸಂಡಿಗೆ ಇಟ್ಟಿದ್ದರಂತೆ. ಇಟ್ಟ ಹುಡುಗಿ ಪಕ್ಕದಲ್ಲಿ ಕಾಗೆ ಓಡಿಸುತ್ತ ಕುಳಿತಿದ್ದಳು.

"'ಸರ್ಕಾರಿ ಕೆಲಸ, ಬಟ್ಟೆ ತೆಗೀರಿ' ಅಂದ್ರು ಇವರು. 'ಸಂಡಿಗೆ ನಮ್ಮವು. ಒಣಗೋ ತನಕ ಕಾಯಾಕೆ ಹೇಳ್ರಿ ನಿಮ್ಮ ಸರ್ಕಾರಕ್ಕೆ' ಅಂದೆ."

"ಆಮೇಲೆ?"

"ಆಮೇಲೇನು, ಸರ್ಕಾರ ಕಾಯ್ತು. ನಮ್ಮಪ್ಪ ಊಟಕ್ಕೆ ಕರೆದ. ಮಾರನೇ ದಿನ ಸಂಡಿಗೆ ಒಣಗಿದ್ರೂ ಸರ್ಕಾರ ಎದ್ದು ಹೋಗಲಿಲ್ಲ."

ಇದಾದ ಕೆಲವೇ ದಿನಗಳಲ್ಲಿ ಸೊಕ್ಕೆಯಿಂದ ಅತ್ತೆಯ ತಮ್ಮನ ಫೋನ್ ಬಂತು. ಮನೆ ಹೊಸದಾಗಿ ಕಟ್ಟಿಸುತ್ತಿದ್ದಾರೆ. ಹಳೆಯ ಕಟ್ಟೆ ಕಿತ್ತಾಯಿತು. ಗುರುತಿನ ಕಲ್ಲು ಚೆನ್ನಾಗಿದೆ, ಬಟ್ಟೆ ಒಗೆಯಲು ಇಟ್ಟುಕೊಳ್ಳುತ್ತೇವೆ ಎಂದರು.

"ಅದಕ್ಕೆ ಸೋಪು ಹಚ್ಚಿ ನೋಡು, ಪಂಚಮಿಗೆ ನಿನ್ನ ಮನೆ ಹೊಸಿಲು ತುಳಿಯಲ್ಲ" ಎಂದು ಅತ್ತೆ ಫೋನ್ ಇಟ್ಟರು. ಮರುದಿನವೇ ಲಗೇಜ್ ಆಟೋದಲ್ಲಿ, ಗೋಣಿಚೀಲದ ಹಾಸಿಗೆಯ ಮೇಲೆ, ಕಲ್ಲು ಬಸವಾಪಟ್ಟಣಕ್ಕೆ ಬಂದಿಳಿಯಿತು.

ಮಾವ ಅದರ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಕೊರೆದ ಗುರುತಿನೊಳಗಿನ ಮಣ್ಣನ್ನು ಬೆರಳಿನಿಂದ ತೆಗೆದರು. ನನ್ನ ಕಡೆ ನೋಡದೆ ಹೇಳಿದರು: "ನಾಶ ಅಂತ ಒತ್ತವ್ವ."

"ಹಂಗಂದ್ರೆ?" ಎಂದರು ಅತ್ತೆ.

"ಜರುಗೈತೆ. ಇನ್ನು ಅದನ್ನ ನಂಬಾಕೆ ಬರಲ್ಲ. ನನಗೊಂದು ನ್ಯಾಯ, ಟ್ರ್ಯಾಕ್ಟರಿಗೊಂದು ನ್ಯಾಯ ಅಂತ ಇರಬಾರದು."

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡರು. "ನಾನೂ ಅದೇ ಕಟ್ಟೆಯಿಂದ ಎದ್ದು ಬಂದೋಳು. ಅದು ಈಗ ಬಂತು, ನಾನು ಆಗಲೇ ಬಂದೆ. ಜರುಗಿದ್ದೆಲ್ಲ ನಾಶ ಆದ್ರೆ, ನನ್ನ ಹೆಸರಿನ ಮುಂದೆ ಏನಂತ ಒತ್ತಿಸ್ತೀರಿ?"

ಎಲ್ಲದಕ್ಕೂ ಸಮುದ್ರದ ಸಾಕ್ಷಿ ತರುವ ಮಾವ ಅಂದು ಊಟದಲ್ಲಿ ಸಾರು ಎತ್ತ ಹರಿಯಿತೆಂದೂ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಗಾರೆ ಕಲಸುವ ಸದ್ದಿಗೆ ನನಗೆ ಎಚ್ಚರವಾಯಿತು. ಮಾವ ಹೊಸಿಲಿನ ಬಲಕ್ಕೆ ಆ ಕಲ್ಲನ್ನು ಕೂರಿಸುತ್ತಿದ್ದರು. ಗಾರೆ ಗಟ್ಟಿಯಾಗುವವರೆಗೆ ಯಾರನ್ನೂ ಹತ್ತಿರ ಬಿಡಲಿಲ್ಲ. ಆಮೇಲೆ ಪರಿಚಯದ ಗುತ್ತಿಗೆದಾರರಿಂದ ಯಂತ್ರ ಬೇಡಿ ತಂದು, ಅಳತೆಪಟ್ಟಿಯನ್ನು ನನ್ನ ಕೈಗಿತ್ತು, ಶಾಲೆಯ ಮೆಟ್ಟಿಲ ಬಳಿಯ ಮಟ್ಟದ ಕಲ್ಲಿನಿಂದ ಮನೆಯವರೆಗೆ ಬೀದಿಯುದ್ದಕ್ಕೂ ಅಳೆಯುತ್ತ ಬಂದರು. ಬೀದಿಯೆಲ್ಲ ಗಾಬರಿ. ಅಂಗಡಿಯವರು ಮುಂದೆ ಚಾಚಿದ್ದ ಸಾಮಾನುಗಳನ್ನು ಒಳಗೆಳೆದುಕೊಂಡರು. ಕಿರಾಣಿ ಅಂಗಡಿಯ ಭಾಯಿ ಕೇಳಿಯೇ ಬಿಟ್ಟರು:

"ಏನ್ ಸಾಹೇಬ್ರೆ, ರೋಡು ಅಗಲ ಮಾಡ್ತಾರಾ?"

"ಇಲ್ಲ ಭಾಯಿ. ನಮ್ಮ ಮನೆಯವಳ ಎತ್ತರ ನೋಡ್ತಿದ್ದೀನಿ."

ಜರುಗಿದ ಕಲ್ಲಿನ ಹಳೆಯ ಎತ್ತರ ಸುಳ್ಳಾಗುತ್ತದೆ, ನಿಜ. ಆದರೆ ಅದು ಹೊಸ ಜಾಗದಲ್ಲಿ ಗಟ್ಟಿಯಾಗಿ ಕುಳಿತರೆ, ಜರುಗದ ಇನ್ನೊಂದು ಮಟ್ಟದ ಕಲ್ಲಿನಿಂದ ಅಳೆದು ಅದಕ್ಕೆ ಹೊಸ ಎತ್ತರ ಕೊಡಬಹುದಂತೆ. ಈ ನಿಯಮ ಮಾವನಿಗೆ ಮೊದಲಿನಿಂದಲೂ ಗೊತ್ತಿತ್ತು. ಬಳಸುವ ಸಂದರ್ಭ ಬಂದಿರಲಿಲ್ಲ ಅಷ್ಟೇ.

ಸೊಕ್ಕೆಯ ಸಾಲಿಗೆ 'ನಾಶವಾಗಿದೆ' ಎಂದು ಒತ್ತಿದೆ. ಪಟ್ಟಿ ಹೋಯಿತು. ಸರ್ಕಾರಿ ಪಟ್ಟಿಗೆ ಹೊಸ ಸಾಲು ಸೇರಿಸುವ ಅಧಿಕಾರ ನನಗಿಲ್ಲ, ಮಾವನೂ ಕೇಳಲಿಲ್ಲ. ಆದ್ದರಿಂದ ಪಟ್ಟಿಯ ನನ್ನ ಸ್ವಂತ ನಕಲಿನ ಕೊನೆಯಲ್ಲಿ, ಅವರು ಹೇಳಿದಂತೆ ಬರೆದೆ: ತಾಲ್ಲೂಕು ಚನ್ನಗಿರಿ, ಊರು ಬಸವಾಪಟ್ಟಣ, ಹೊಸಿಲಿನ ಬಲಕ್ಕೆ. ಸ್ಥಿತಿಯ ಖಾನೆಗೆ ಬಂದಾಗ ನನ್ನ ಬೆರಳು ತಾನಾಗಿ ಹಳೆಯ ಮೂರು ಮಾತುಗಳ ಕಡೆ ಹೋಯಿತು. ನಾನೇ ಅವನ್ನು ಬಿಟ್ಟು, ಒತ್ತು ದೀರ್ಘ ಎಲ್ಲ ಸರಿಯಾಗಿದೆಯೇ ಎಂದು ಎರಡು ಸಲ ನೋಡಿಕೊಂಡು, 'ಐತೆ' ಎಂದು ಬರೆದೆ.

"ಜರಡಿ ಹಾಕು" ಎಂದರು ಮಾವ. 'ಐತೆ' ಎಂಬುದಕ್ಕೆ ಹಾಕಿದೆ. ನಾಲ್ಕು ತಾಲ್ಲೂಕುಗಳ ಕಲ್ಲೆಲ್ಲ ಮರೆಯಾಗಿ ಅದೊಂದೇ ಸಾಲು ಉಳಿಯಿತು. ಈ ಸಲ ಮಾವ ಜಗಳೂರನ್ನು ಹುಡುಕಲಿಲ್ಲ.

ಎತ್ತರದ ಕೊನೆಯ ಅಂಕಿಯನ್ನು ಇನ್ನೊಮ್ಮೆ ನೋಡಿಬಿಡುತ್ತೇನೆಂದು ಅವರು ಹೊರಗೆ ಹೋದರು. ಕಲ್ಲಿನ ಮೇಲೆ ಒದ್ದೆ ಬಟ್ಟೆ, ಬಟ್ಟೆಯ ಮೇಲೆ ಸಾಲಾಗಿ ಸಂಡಿಗೆ. ಪಕ್ಕದಲ್ಲಿ ಅತ್ತೆ, ಕೈಯಲ್ಲಿ ಕಾಗೆ ಓಡಿಸುವ ಕೋಲು.

"ಸ್ವಲ್ಪ ಬಟ್ಟೆ ತೆಗೀತೀಯಾ?"

"ಒಣಗೋ ತನಕ ಕಾಯ್ರಿ."

ಮಾವ ಯಂತ್ರವನ್ನು ಗೋಡೆಗೆ ಒರಗಿಸಿ, ಹೊಸಿಲಿನ ಎಡಗಡೆಗೆ ಕುಳಿತರು. ಜೇಬಿನಲ್ಲಿ ನಿಂಬೆಹಣ್ಣು ಇತ್ತು. ತೆಗೆಯಲಿಲ್ಲ.